ಸಿಎನ್‌ಸಿ ಶಾಪ್‌ನಲ್ಲಿ ಟ್ಯಾಬ್ ಹಾಕಿ ಮೂರು ತಿಂಗಳಾಯ್ತು, ಎಂಟ್ರಿ ಎಲ್ಲ ಪಾಳಿ ಬಿಡುವ ಹೊತ್ತಿಗೇ ಬೀಳುತ್ತಿದೆ. ಎಲ್ಲಿ ತಪ್ಪಿದೆ?

ಉದ್ಯಮಬಾಗ್_ಪ್ರೊಡಕ್ಷನ್ (ಪ್ರಶ್ನೆ)

ಬೆಳಗಾವಿಯ ಮಷಿನ್ ಶಾಪ್. 12 ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ), 4 ವಿಎಂಸಿ (ಕಂಪ್ಯೂಟರ್ ನಡೆಸುವ, ಲಂಬ ಸ್ಪಿಂಡಲ್‌ನ ಮಷಿನ್), ಮೂರು ಪಾಳಿ, 44 ಆಪರೇಟರ್. ಇಲ್ಲಿಯ ಫೌಂಡ್ರಿಗಳ ಕಾಸ್ಟಿಂಗ್ (ಎರಕದ ತುಂಡು) ತಂದು ವಾಲ್ವ್ ಬಾಡಿ, ಪಂಪ್ ಹೌಸಿಂಗ್ ಮಾಡುವ ಕೆಲಸ. ಮೊದಲು ಮಷಿನ್‌ಗೊಂದು ಕಾಗದದ ಲಾಗ್ ಶೀಟ್ ಇತ್ತು. ಈಗ ಎರಡು ಮಷಿನ್‌ಗೆ ಒಂದು ಟ್ಯಾಬ್. ಎಷ್ಟು ಪೀಸ್ ಆಯ್ತು, ಮಷಿನ್ ಯಾವಾಗ ನಿಂತಿತು, ಯಾಕೆ ನಿಂತಿತು ಅನ್ನುವುದನ್ನು ಆಪರೇಟರ್ ಅದರಲ್ಲಿ ಹಾಕಬೇಕು.

ಮೂರು ತಿಂಗಳ ಮೇಲೆ ಕಾಣುತ್ತಿರುವುದು ಇಷ್ಟು. ಎಂಟ್ರಿಗಳು ಪಾಳಿಯ ಕೊನೆಯ ಅರ್ಧ ಗಂಟೆಯಲ್ಲಿ ಗುಂಪಾಗಿ ಬೀಳುತ್ತವೆ. ನಿಂತ ಸಮಯ 10, 15, 30 ನಿಮಿಷ, ಎಲ್ಲ ದುಂಡು ಲೆಕ್ಕ. 38 ಕಾರಣಗಳ ಪಟ್ಟಿ ಇದ್ದರೂ ಹೆಚ್ಚಿನವರು ಒತ್ತುವುದು "ಇತರೆ". ರಾತ್ರಿ ಪಾಳಿಯಲ್ಲಿ ಒಬ್ಬರ ಲಾಗಿನ್‌ನಲ್ಲೇ ಎಲ್ಲರ ಎಂಟ್ರಿ. ಸೂಪರ್‌ವೈಸರ್‌ಗಳ ಜೇಬಿನಲ್ಲಿ ಹಳೆಯ ನೋಟ್‌ಬುಕ್ ಹಾಗೇ ಇದೆ.

ಸಾಫ್ಟ್‌ವೇರ್‌ನವರು "ಇನ್ನೊಮ್ಮೆ ಟ್ರೇನಿಂಗ್ ಕೊಡೋಣ" ಅನ್ನುತ್ತಾರೆ, ಈಗಾಗಲೇ ಎರಡು ಸಲ ಆಗಿದೆ. ಮೇಲಿನವರು "ಎಂಟ್ರಿ ಹಾಕದವರಿಗೆ ದಂಡ ಹಾಕಿ" ಅನ್ನುತ್ತಾರೆ. ಎರಡರಲ್ಲೂ ನಂಬಿಕೆ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಲೀನ್_ಬೆಳಗಾವಿ

ದಂಡ ಹಾಕಿದರೆ ಎಂಟ್ರಿ ಬರುತ್ತದೆ, ನಿಜ ಬರುವುದಿಲ್ಲ. ಅದನ್ನು ಮೊದಲು ತಲೆಯಿಂದ ತೆಗೆಯಿರಿ.

ಯಾರನ್ನೂ ಕೇಳುವ ಮೊದಲು ನಿಮ್ಮಲ್ಲಿರುವ ಡೇಟಾವನ್ನೇ ಕೇಳಿ. ನಾಲ್ಕು ವಾರದ ಎಂಟ್ರಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಮಷಿನ್ ನಿಂತ ಹೊತ್ತಿಗೂ ಎಂಟ್ರಿ ಬಿದ್ದ ಹೊತ್ತಿಗೂ ಎಷ್ಟು ನಿಮಿಷ ಅಂತರ ಅನ್ನುವುದಕ್ಕೆ ಒಂದು ಕಾಲಂ, ನಿಮಿಷದ ಕೊನೆಯ ಅಂಕಿ 0 ಅಥವಾ 5 ಇರುವುದು ಎಷ್ಟು ಪಾಲು ಅನ್ನುವುದಕ್ಕೆ ಇನ್ನೊಂದು. ಜನ ನಿಜವಾಗಿ ಗಡಿಯಾರ ನೋಡಿ ಹಾಕಿದ್ದರೆ ಆ ಎರಡು ಅಂಕಿಗಳು ಹತ್ತರಲ್ಲಿ ಎರಡು ಸಲ ಬರಬೇಕು. ಹತ್ತರಲ್ಲಿ ಎಂಟು ಸಲ ಬಂದಿದ್ದರೆ ಅದು ನೆನಪಿನಿಂದ ಬರೆದ ಲೆಕ್ಕ. ಇದನ್ನೇ ಪಾಳಿವಾರು, ಮಷಿನ್‌ವಾರು ಬೇರೆ ಮಾಡಿ. ಮೂರೂ ಪಾಳಿಯಲ್ಲಿ ಒಂದೇ ತರಹ ಇದ್ದರೆ ತಪ್ಪು ವ್ಯವಸ್ಥೆಯ ವಿನ್ಯಾಸದಲ್ಲಿದೆ. ಒಂದೇ ಪಾಳಿಯಲ್ಲಿ ಕೆಟ್ಟಿದ್ದರೆ ಆ ಪಾಳಿಯ ಸೂಪರ್‌ವೈಸರ್ ಮತ್ತು ಅಲ್ಲಿ ಸಿಗುವ ನೆರವಿನ ಕಡೆ ನೋಡಿ. ನಾಲ್ಕೈದು ಜನರದ್ದು ಮಾತ್ರ ಕೆಟ್ಟಿದ್ದರೆ ಆಗ ಟ್ರೇನಿಂಗ್ ಮಾತು ಆಡಬಹುದು. ಹಾಗಿರುವುದು ಕಡಿಮೆ.

ಆಮೇಲೆ ಒಂದು ಸ್ಟಾಪ್‌ವಾಚ್ ಹಿಡಿದು ಒಂದು ಎಂಟ್ರಿಗೆ ಎಷ್ಟು ಹೊತ್ತು ಬೇಕು ನೋಡಿ. ಕೈ ಒರೆಸಿಕೊಳ್ಳುವುದು, ಟ್ಯಾಬ್‌ವರೆಗೆ ನಡೆಯುವುದು, ಲಾಗಿನ್, ಮಷಿನ್ ಆಯ್ಕೆ, 38 ಕಾರಣಗಳನ್ನು ಕೆಳಗೆ ಸರಿಸಿ ಹುಡುಕುವುದು, ನಿಮಿಷ ಟೈಪ್ ಮಾಡುವುದು, ಸಬ್‌ಮಿಟ್. 40 ಸೆಕೆಂಡ್ ಅಂದುಕೊಳ್ಳಿ. ಪಾಳಿಗೆ 12 ಸಲ ನಿಂತರೆ 8 ನಿಮಿಷ. 3 ನಿಮಿಷದ ಸೈಕಲ್ ಇರುವ ಪೀಸ್‌ನಲ್ಲಿ ಅದು ಎರಡೂವರೆ ಪೀಸ್. ನಿಮ್ಮಲ್ಲಿ ಪೀಸ್ ಮೇಲೆ ಇನ್ಸೆಂಟಿವ್ ಇದ್ದರೆ ನಿಮ್ಮ ಡೇಟಾಕ್ಕೆ ಆಪರೇಟರ್ ತನ್ನ ಜೇಬಿನಿಂದ ದುಡ್ಡು ಕೊಡುತ್ತಿದ್ದಾನೆ ಎಂದೇ ಅರ್ಥ. ಎಲ್ಲವನ್ನೂ ಕೊನೆಗೆ ಒಟ್ಟಿಗೆ ಹಾಕುವುದು ಸೋಮಾರಿತನ ಅಲ್ಲ, ಅವನ ಕಡೆಯಿಂದ ಅದು ಸರಿಯಾದ ಲೆಕ್ಕಾಚಾರ.

ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ ಅನ್ನುವುದರ ಬಗ್ಗೆ ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ಮಾದರಿ ಇವತ್ತಿಗೂ ಬಹಳ ಜನ ಬಳಸುವುದು. ಅದರಲ್ಲಿರುವುದು ಎರಡೇ ಪ್ರಶ್ನೆ: ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯೇ? ಬಳಸಲು ಸುಲಭವೇ? ಟ್ರೇನಿಂಗ್ ಮುಟ್ಟುವುದು ಎರಡನೆಯದನ್ನು, ಅದೂ ಅರ್ಧ. ಮೊದಲನೆಯದಕ್ಕೆ ನಿಮ್ಮ ಶಾಪ್‌ನಲ್ಲಿ ಉತ್ತರವೇ ಇಲ್ಲ. ಡೇಟಾ ಮೇಲೆ ಹೋಗುತ್ತದೆ, ಕೆಳಗೆ ಏನೂ ಬರುವುದಿಲ್ಲ.

ಬದಲಿಸಬೇಕಾದ್ದರಲ್ಲಿ ಅಗ್ಗದ್ದು ಕಾರಣಗಳ ಪಟ್ಟಿ. 38 ಅನ್ನು 8ಕ್ಕೆ ಇಳಿಸಿ: ಸೆಟ್ಟಿಂಗ್ (ಹೊಸ ಕೆಲಸಕ್ಕೆ ಮಷಿನ್ ಹೊಂದಿಸುವುದು), ಟೂಲ್ ಅಥವಾ ಇನ್ಸರ್ಟ್ (ಟೂಲ್‌ನ ತುದಿಯ ಕತ್ತರಿಸುವ ತುಂಡು) ಬದಲಾವಣೆ, ಮೆಟೀರಿಯಲ್ ಇಲ್ಲ, ಕ್ರೇನ್‌ಗೆ ಕಾಯುವುದು, ಮೊದಲ ಪೀಸ್ ತಪಾಸಣೆಗೆ ಕಾಯುವುದು, ಮಷಿನ್ ಕೆಟ್ಟಿದೆ, ಕರೆಂಟ್ ಇಲ್ಲ, ಕಾಸ್ಟಿಂಗ್ ದೋಷ. ಎಂಟೂ ಒಂದೇ ಪರದೆಯಲ್ಲಿ, ಸರಿಸುವ ಹಂಗಿಲ್ಲದೆ, ದೊಡ್ಡ ಬಟನ್. "ಇತರೆ" ಇರಲಿ, ಆದರೆ ಅದನ್ನು ಒತ್ತಿದರೆ ಐದು ಸೆಕೆಂಡ್ ಧ್ವನಿ ರೆಕಾರ್ಡ್ ಮಾಡುವ ಹಾಗೆ ಇಡಿ. ಒಂದೇ ಮಾತು ವಾರಕ್ಕೆ ಐದು ಸಲಕ್ಕಿಂತ ಹೆಚ್ಚು ಬಂದರೆ ಅದು ಒಂಬತ್ತನೇ ಬಟನ್ ಆಗುತ್ತದೆ. "ಆಪರೇಟರ್ ಇಲ್ಲ" ಅನ್ನುವ ಬಟನ್ ಮಾತ್ರ ಬೇಡವೇ ಬೇಡ. ತನ್ನ ಮೇಲೆ ತಾನೇ ದೂರು ಬರೆದುಕೊಳ್ಳುವವರು ಯಾರೂ ಇಲ್ಲ. ಆ ನಿಮಿಷಗಳು "ಕ್ರೇನ್"ಗೋ "ಮೆಟೀರಿಯಲ್"ಗೋ ಹೋಗಿ ಸೇರಿಕೊಂಡು ಆ ಎರಡು ಲೆಕ್ಕವನ್ನೂ ಕೆಡಿಸುತ್ತವೆ. ಊಟ, ಚಹಾದ ಸಮಯವನ್ನು ಸಾಫ್ಟ್‌ವೇರ್ ತಾನೇ ಕಳೆದುಕೊಳ್ಳಲಿ.

ಇನ್ನೊಂದನ್ನು ಮೇಲಿನವರಿಗೆ ಈಗಲೇ ಹೇಳಿಡಿ: ಡೇಟಾ ನಿಜವಾದ ದಿನ ಅಂಕಿ ಬೀಳುತ್ತದೆ. 480 ನಿಮಿಷದ ಪಾಳಿ, 30 ನಿಮಿಷ ವಿರಾಮ, ಉಳಿದದ್ದು 450. ಕಾಗದದಲ್ಲಿ ನಿಂತದ್ದು 60 ನಿಮಿಷ ಅಂತಿದ್ದರೆ ಓಡಿದ್ದು 390, ಅಂದರೆ ಶೇ. 86.7. ಬರೆಯದೇ ಬಿಟ್ಟ ಎರಡೆರಡು ನಿಮಿಷದ 25 ನಿಲುಗಡೆ ಸೇರಿದರೆ ಓಡಿದ್ದು 340, ಶೇ. 75.6. ಶಾಪ್‌ನಲ್ಲಿ ಏನೂ ಕೆಟ್ಟಿಲ್ಲ, ಒಂದೇ ದಿನದಲ್ಲಿ ಯುಟಿಲೈಸೇಷನ್ (ಮಷಿನ್ ಓಡಿದ ಪಾಲು) 11 ಅಂಶ ಇಳಿಯಿತು. ಪೀಸ್ ಅಷ್ಟೇ ಬಂದಿವೆ: 105 ಪೀಸ್, 3 ನಿಮಿಷದಂತೆ 315 ನಿಮಿಷದ ಕೆಲಸ, 450ಕ್ಕೆ ಶೇ. 70, ಎರಡೂ ಲೆಕ್ಕದಲ್ಲಿ ಅದೇ 70. ಇದನ್ನು ಮೊದಲೇ ಹೇಳದಿದ್ದರೆ ಮುಂದಿನ ಸೋಮವಾರ ಮೇಲಿನಿಂದ ಬೈಗುಳ ಬರುತ್ತದೆ, ಮಂಗಳವಾರದಿಂದ ಸೂಪರ್‌ವೈಸರ್‌ಗಳೇ ದುಂಡು ಅಂಕಿ ಹಾಕಿಸಲು ಶುರು ಮಾಡುತ್ತಾರೆ.

ಗೋಕಾಕ_ಸೆಟ್ಟರ್

ಮ್ಯಾಲಿನವ್ರು ಹೇಳಿದ್ದು ಖರೇ ಅದ. ಆದ್ರ ಶಾಪ್ ಫ್ಲೋರ್ ಮ್ಯಾಲ ನಿಂತು ನೋಡಿದ್ರ ಇನ್ನೂ ಸಣ್ಣ ಸಣ್ಣ ಸಂಗತಿ ಅದಾವ್ರಿ.

ಎರಡು ಮಷಿನ್‌ಗೆ ಒಂದು ಟ್ಯಾಬ್ ಅಂದ್ರಿ. ಅದನ್ನ ಎಲ್ಲಿ ಹಚ್ಚೀರಿ? ಕಂಬಕ್ಕ ಹಚ್ಚಿದ್ರ ಆಪರೇಟರ್ ಮಷಿನ್‌ಗೆ ಬೆನ್ನು ಕೊಟ್ಟು ನಿಂತು ಒತ್ತಬೇಕಾಗ್ತದ. ಓಡೋ ಮಷಿನ್‌ಗೆ ಬೆನ್ನು ಕೊಡೂದು ಅವನಿಗೆ ಮನಸ್ಸು ಒಪ್ಪೂದಿಲ್ಲ, ಒಪ್ಪಬಾರ್ದೂ ಹೌದು. ಕಂಟ್ರೋಲ್ ಪ್ಯಾನಲ್ ಬಾಜೂಕ, ನೆಲದಿಂದ 110–120 ಸೆಂಟಿಮೀಟರ್ ಮ್ಯಾಲ, ಅವನ ಎದಿ ಮಟ್ಟಕ್ಕ ಬರಬೇಕು. ಕೂಲಂಟ್ (ಮಷಿನ್‌ನಾಗ ತಂಪು ಮಾಡೋ ದ್ರವ) ಹತ್ತಿದ ಕೈಗೆ, ಗ್ಲೋವ್ಸ್ ಹಾಕಿದ ಕೈಗೆ ಟಚ್ ಹಿಡಿಯೂದಿಲ್ಲ. ಒಂದೊಂದು ಹನಿ ಬಿದ್ರ ತಾನ ಒತ್ತಿಕೊಂತದ. ಎಂಟು ಕಾರಣ ಅಂದ್ರ ಎಂಟು ಪುಶ್ ಬಟನ್ ಇರೋ ಒಂದು ಡಬ್ಬಿ ಮಾಡಿಸ್ರಿ, ಕ್ರೇನ್ ಪೆಂಡೆಂಟ್‌ನಾಗ (ಕ್ರೇನ್ ನಡಸೋ ತೂಗು ಸ್ವಿಚ್ ಡಬ್ಬಿ) ಬರೋವಂಥ ಗಟ್ಟಿ ಬಟನ್. ಗ್ಲೋವ್ಸ್ ಬಿಚ್ಚೂದು ಬ್ಯಾಡ. ಟ್ಯಾಬ್ ಸೂಪರ್‌ವೈಸರ್ ಟೇಬಲ್ ಮ್ಯಾಲ ಒಂದ ಇದ್ರ ಸಾಕು.

ನೋಟ್‌ಬುಕ್ ಯಾಕ ಬಿಡವಲ್ರು ಅಂದ್ರ, ಮುಂಜಾನೆ ಮೀಟಿಂಗ್‌ನಾಗ ಸಾಹೇಬ್ರು "ರಾತ್ರಿ 7 ನಂಬರ್ ಮಷಿನ್ ಯಾಕ ನಿಂತಿತ್ತು?" ಅಂತ ಬಾಯಿಲೆ ಕೇಳ್ತಾರ. ಸೂಪರ್‌ವೈಸರ್ ನೋಟ್‌ಬುಕ್ ತಗದು ಹೇಳ್ತಾನ. ಕೇಳೋರು ನೋಟ್‌ಬುಕ್‌ನಿಂದ ಉತ್ತರ ತಗೊಳ್ಳೂತನಕ ನೋಟ್‌ಬುಕ್ ಸಾಯೂದಿಲ್ಲ. ಮೀಟಿಂಗ್‌ನಾಗ ಪರದೆ ಮ್ಯಾಲ ಬಂದಿದ್ದಷ್ಟ ಮಾತಾಡೂದು, ಅದರಾಗ ಇಲ್ಲದ್ದನ್ನ ಅವತ್ತು ಮಾತಾಡೂದೇ ಇಲ್ಲ ಅಂತ ಮ್ಯಾಲಿನವ್ರು ತಮಗ ತಾವ ಕಟ್ಟು ಹಾಕ್ಕೋಬೇಕು. ಇದು ಆಪರೇಟರ್ ಕಲಿಯೋ ಪಾಠ ಅಲ್ರಿ, ಮ್ಯಾನೇಜರ್ ಕಲಿಯೋದು.

ಮತ್ತ ಆ ನೋಟ್‌ಬುಕ್ ಅಂದ್ರ ಸೂಪರ್‌ವೈಸರ್‌ಗೆ ಬರೇ ಪುಸ್ತಕ ಅಲ್ಲ. ಯಾವ ಮಷಿನ್ ಯಾಕ ನಿಂತದ ಅನ್ನೂದು ಅವನೊಬ್ಬಗ ಗೊತ್ತಿತ್ತು, ಅದ ಅವನ ಕಿಮ್ಮತ್ತು. ಈಗ ಮಾಲೀಕ ಮನ್ಯಾಗ ಕುಂತು ಮೊಬೈಲ್‌ನಾಗ ನೋಡ್ತಾನ. ಹಂಗಿದ್ರ ಸೂಪರ್‌ವೈಸರ್‌ಗೆ ಏನ್ ಉಳೀತು? ಅವನಿಗೆ ಬ್ಯಾರೆ ಅಧಿಕಾರ ಕೊಡ್ರಿ: ಸ್ಟೋರ್‌ನಿಂದ ಇನ್ಸರ್ಟ್ ತಗಸೋದು, ಕ್ರೇನ್ ಯಾವ ಮಷಿನ್‌ಗೆ ಮೊದಲ ಅಂತ ಹೇಳೂದು, ಮೇಂಟೆನೆನ್ಸ್‌ನವ್ರನ್ನ ಕರಸೋದು, ಯಾರನ್ನೂ ಕೇಳದ.

ಕಲಿಸೂದರ ಬಗ್ಗೆ: ಪ್ರೊಜೆಕ್ಟರ್ ಹಾಕಿ ಹಾಲ್‌ನಾಗ ಕುಂದ್ರಿಸಬ್ಯಾಡ್ರಿ. ಮಷಿನ್ ಮುಂದ, 20 ನಿಮಿಷ, ಒಮ್ಮೆಗೆ ಇಬ್ಬರು, ಒಬ್ಬೊಬ್ಬರು ತಮ್ಮ ಕೈಲೆ ಐದು ಎಂಟ್ರಿ ಹಾಕಬೇಕು. ಇಪ್ಪತ್ತೈದು ವರ್ಷ ಸರ್ವಿಸ್ ಆದ ಹಿರ್ಯಾರಿಗೆ ಮೊದಲ, ಒಬ್ಬರಿಗೇ ಹೇಳಿಕೊಡ್ರಿ. ಸಣ್ಣ ಹುಡುಗ ಬಂದು ಎಲ್ಲಾರ ಮುಂದ "ಕಾಕಾ, ಹಂಗಲ್ಲ" ಅಂದ್ರ ಆ ಕಾಕಾ ಮತ್ತ ಆ ಟ್ಯಾಬ್ ಮುಟ್ಟೂದಿಲ್ಲ. ಅವರು ಮುಟ್ಟಲಿಲ್ಲ ಅಂದ್ರ ಅವರ ಕೈಕೆಳಗ ಕಲ್ತೋರು ಯಾರೂ ಮುಟ್ಟೂದಿಲ್ಲ.

ಭಾಷೆ ನೋಡ್ಕೋರಿ. ಒಂದ ಪಾಳಿಯಾಗ ಕನ್ನಡ ಓದೋರು, ಮರಾಠಿ ಓದೋರು, ಬರೇ ಹಿಂದಿ ಬರೋ ಹೊರಗಿನ ಹುಡುಗರು ಎಲ್ಲಾ ಇರ್ತಾರ. ಇಂಗ್ಲಿಷ್‌ನಾಗ "ಮಿಸಲೇನಿಯಸ್ ಡಿಲೇ" ಅಂತ ಬರದ್ರ ಯಾರಿಗೆ ತಿಳೀತದ? ಬಟನ್‌ಗೆ ಬಣ್ಣ, ಚಿತ್ರ, ಕೆಳಗ ಎರಡು ಲಿಪಿ. ಕ್ರೇನ್‌ಗೆ ಕ್ರೇನ್ ಕೊಂಡಿ, ಇನ್ಸರ್ಟ್‌ಗೆ ಇನ್ಸರ್ಟ್ ಚಿತ್ರ.

ರಾತ್ರಿ ಒಬ್ಬರ ಲಾಗಿನ್ ಯಾಕ ಅಂದ್ರ ಪಾಸ್‌ವರ್ಡ್ ಮರತ್ರ ರಾತ್ರಿ 2ಕ್ಕ ಕೊಡೋರು ಯಾರೂ ಇಲ್ಲ. ಹಾಜರಿ ಕಾರ್ಡ್ ಅದ ಅಲ್ರಿ, ಅದನ್ನ ಟ್ಯಾಪ್ ಮಾಡಿದ್ರ ಲಾಗಿನ್ ಆಗೂವಂಗ ಮಾಡಿಸ್ರಿ.

ಉದ್ಯಮಬಾಗ್_ಪ್ರೊಡಕ್ಷನ್

ಅಣ್ಣಾರ, ಟ್ಯಾಬ್ ಕಂಬಕ್ಕೇ ಇದೆ. ಗೊತ್ತಾಯಿತು.

ಮೂರು ಸಂದೇಹ. ಮಷಿನ್ ನಿಂತ ಸಮಯವನ್ನು ಮಷಿನ್‌ನಿಂದಲೇ ತೆಗೆದುಕೊಳ್ಳಬಹುದೇ? ಆರು ಮಷಿನ್ ಹಳೆಯವು, ಕಂಟ್ರೋಲರ್‌ನಲ್ಲಿ ಈಥರ್ನೆಟ್ ಇಲ್ಲ. ಹಾಗೆ ತೆಗೆದರೆ "ನಮ್ಮ ಮೇಲೆ ಕಣ್ಣಿಟ್ಟಿದ್ದಾರೆ" ಅನ್ನುವ ಭಾವನೆ ಬರುವುದಿಲ್ಲವೇ? ಕಾಗದ ಪೂರ್ತಿ ನಿಲ್ಲಿಸಿದರೆ ಗ್ರಾಹಕರ ಆಡಿಟ್‌ನಲ್ಲಿ ತೊಂದರೆ ಆಗುತ್ತದೆಯೇ?

ಇಪ್ಪತ್ನಾಲ್ಕು_ವೋಲ್ಟ್

ಮೊದಲನೆಯದಕ್ಕೆ ಉತ್ತರ. ಈಥರ್ನೆಟ್ ಇರುವ ಫ್ಯಾನಕ್ ಕಂಪನಿಯ ಕಂಟ್ರೋಲ್‌ಗಳಲ್ಲಿ ಫೋಕಾಸ್ (ಮಷಿನ್‌ನಿಂದ ಡೇಟಾ ಓದಲು ಫ್ಯಾನಕ್ ಕೊಡುವ ಸಾಫ್ಟ್‌ವೇರ್) ಮೂಲಕ ರನ್, ಅಲಾರಂ, ಪೀಸ್ ಕೌಂಟ್, ಓವರ್‌ರೈಡ್ ಎಲ್ಲ ಓದಬಹುದು. ಕೆಲವು ಮಾಡೆಲ್‌ಗಳಲ್ಲಿ ಅದು ಪ್ರತ್ಯೇಕ ಆಪ್ಷನ್, ಮಷಿನ್ ಕೊಟ್ಟವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಹಳೆಯ ಆರಕ್ಕೆ ಮಷಿನ್ ತಲೆಯ ಮೇಲಿರುವ ಮೂರು ಬಣ್ಣದ ದೀಪವೇ ಸಾಕು. ಹಸಿರು ದೀಪದ 24 ವೋಲ್ಟ್ ಡಿಸಿ ಲೈನ್‌ನಿಂದ ಆಪ್ಟೋಕಪ್ಲರ್ (ಎರಡು ಸರ್ಕ್ಯೂಟ್‌ಗಳನ್ನು ಬೇರೆಯಾಗಿಟ್ಟು ಬೆಳಕಿನಿಂದ ಸಿಗ್ನಲ್ ದಾಟಿಸುವ ಭಾಗ) ಮೂಲಕ ಒಂದು ಸಿಗ್ನಲ್ ತೆಗೆದು ಸಣ್ಣ ವೈಫೈ ಬೋರ್ಡ್‌ಗೆ ಕೊಡಿ. ಆಪ್ಟೋ ಇಲ್ಲದೆ ನೇರವಾಗಿ ಸೇರಿಸಬೇಡಿ, ನಿಮ್ಮ ಬೋರ್ಡ್‌ನ ದೋಷ ಮಷಿನ್‌ನ ಐ/ಓ ಕಾರ್ಡ್‌ಗೆ (ಸಿಗ್ನಲ್ ಒಳಬರುವ, ಹೊರಹೋಗುವ ಬೋರ್ಡ್) ಹೋದರೆ ಟ್ಯಾಬ್‌ಗಿಂತ ದುಬಾರಿ ಪಾಠ ಆಗುತ್ತದೆ. ವಾರಂಟಿಯಲ್ಲಿರುವ ಮಷಿನ್‌ನ ಪ್ಯಾನಲ್ ಮುಟ್ಟಲೇಬೇಡಿ. ಅಲ್ಲಿ ಸ್ಪಿಂಡಲ್ ಡ್ರೈವ್‌ಗೆ ಹೋಗುವ ಒಂದು ಫೇಸ್ ತಂತಿಯ ಸುತ್ತ ಕ್ಲ್ಯಾಂಪ್ ಮಾದರಿಯ ಕರೆಂಟ್ ಸೆನ್ಸರ್ ಹಾಕುವುದು ಸುರಕ್ಷಿತ, ಅದೂ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಿಂದ.

ದೀಪದ ಮಿತಿ ತಿಳಿದಿರಲಿ. ಫೀಡ್ ಓವರ್‌ರೈಡ್ (ಟೂಲ್ ಮುನ್ನಡೆಯುವ ವೇಗ) ಶೇ. 60ಕ್ಕೆ ಇಳಿಸಿ ಓಡಿಸಿದರೂ ದೀಪ ಹಸಿರೇ. ಬೆಳಗಿನ ವಾರ್ಮ್‌ಅಪ್ ಪ್ರೋಗ್ರಾಂ ಓಡುವಾಗಲೂ ಹಸಿರೇ. ಅದಕ್ಕೆ ದೀಪದ ಜೊತೆ ಒಂದು ಪೀಸ್‌ನಿಂದ ಇನ್ನೊಂದು ಪೀಸ್‌ಗೆ ಎಷ್ಟು ಸೆಕೆಂಡ್ ಅನ್ನುವುದನ್ನೂ ನೋಡಬೇಕು.

ನಿಯಮ ಇಷ್ಟು: ಯಾವಾಗ ನಿಂತಿತು ಅನ್ನುವುದನ್ನು ಮಷಿನ್ ಹೇಳಲಿ, ಯಾಕೆ ನಿಂತಿತು ಅನ್ನುವುದನ್ನು ಮಾತ್ರ ಮನುಷ್ಯ ಹೇಳಲಿ. 3 ನಿಮಿಷಕ್ಕಿಂತ ಕಡಿಮೆ ನಿಂತದ್ದಕ್ಕೆ ಕಾರಣ ಕೇಳಲೇಬೇಡಿ, ಬರೀ ಎಣಿಕೆ ಇಟ್ಟುಕೊಳ್ಳಿ. ಪಾಳಿಗೆ 12 ಇದ್ದ ಎಂಟ್ರಿ ನಾಲ್ಕೈದಕ್ಕೆ ಬರುತ್ತದೆ, ಒಂದೊಂದೂ ಒಂದು ಬಟನ್.

ವೈಫೈ ಬಗ್ಗೆ ಯಾರೂ ಹೇಳಿಲ್ಲ. ತಗಡಿನ ಶೆಡ್, ಸುತ್ತ ಕಬ್ಬಿಣ. 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಮಷಿನ್ ದಾಟುವಷ್ಟರಲ್ಲಿ ಸೊರಗುತ್ತದೆ, 2.4 ಇಟ್ಟುಕೊಳ್ಳಿ. ಒತ್ತಿದ ಎಂಟ್ರಿ "ಲೋಡಿಂಗ್" ಅಂತ ಎರಡು ಸಲ ನಿಂತರೆ ಮೂರನೇ ಸಲ ಯಾರೂ ಒತ್ತುವುದಿಲ್ಲ. ಹಾಗಾಗಿ ಎಂಟ್ರಿ ಮೊದಲು ಅಲ್ಲೇ ಉಳಿದು ಆಮೇಲೆ ಸರ್ವರ್‌ಗೆ ಹೋಗಬೇಕು. ರೂಟರ್‌ಗೂ ಸರ್ವರ್‌ಗೂ ಯುಪಿಎಸ್ ಇರಲಿ. ಕರೆಂಟ್ ಹೋಗಿ ಬಂದ ಮೇಲೆ ಬೋರ್ಡ್‌ನ ಗಡಿಯಾರ 1970ಕ್ಕೆ ಹೋಗಿ ಕೂರುತ್ತದೆ. ಸಮಯವನ್ನು ಸರ್ವರ್‌ನಿಂದ ಸರಿಮಾಡಿಕೊಳ್ಳದಿದ್ದರೆ ಆ ದಿನದ ಡೇಟಾ ಕಸ.

ಆಡಿಟ್: ಗುಣಮಟ್ಟದ ಮಾನದಂಡ ಐಎಟಿಎಫ್ 16949 ಇರಲಿ, ಐಎಸ್ಓ 9001 ಇರಲಿ, ಕಾಗದವೇ ಬೇಕು ಅನ್ನುವುದಿಲ್ಲ. ದಾಖಲೆ ನಿಯಂತ್ರಣದಲ್ಲಿರಬೇಕು, ಬೇಕಾದಾಗ ಸಿಗಬೇಕು, ಯಾರು ಬದಲಿಸಿದರು ಅನ್ನುವುದು ತಿಳಿಯಬೇಕು. ಸಮಸ್ಯೆ ಬರುವುದು ನಿಮ್ಮದೇ ಕಂಟ್ರೋಲ್ ಪ್ಲಾನ್‌ನಲ್ಲಿ (ಏನನ್ನು ಹೇಗೆ ತಪಾಸಣೆ ಮಾಡಿ ಎಲ್ಲಿ ಬರೆಯಬೇಕು ಅನ್ನುವ ದಾಖಲೆ) ಹಳೆಯ ಫಾರ್ಮ್ಯಾಟ್ ನಂಬರ್ ಹಾಗೇ ಉಳಿದರೆ. ಆಡಿಟರ್ ಆ ನಂಬರ್‌ನ ಶೀಟ್ ಕೇಳುತ್ತಾರೆ, ಸೂಪರ್‌ವೈಸರ್‌ಗೆ ಗೊತ್ತಿರುತ್ತದೆ, ಅದಕ್ಕೇ ಅವರು ಕಾಗದ ಬಿಡುವುದಿಲ್ಲ. ಆಡಿಟ್ ಮಟ್ಟಿಗೆ ನಿಲುಗಡೆಯ ಲಾಗ್ ಶೀಟ್ ಇವತ್ತೇ ನಿಲ್ಲಿಸಬಹುದು. ಮೊದಲ ಪೀಸ್ ತಪಾಸಣಾ ವರದಿಯನ್ನು ಮಾತ್ರ, ಕಂಟ್ರೋಲ್ ಪ್ಲಾನ್ ಮತ್ತು ಕೆಲಸದ ಸೂಚನೆ ತಿದ್ದಿ, ಅಗತ್ಯವಿದ್ದರೆ ಗ್ರಾಹಕರಿಗೆ ತಿಳಿಸಿ, ಆಮೇಲೆ ನಿಲ್ಲಿಸಿ.

ನವನಗರ_ಮೇಷ್ಟ್ರು

ಬಾಗಲಕೋಟೆಯಿಂದ ಎರಡು ಮಾತು. "ಕಣ್ಣಿಟ್ಟಿದ್ದಾರೆ" ಅನ್ನುವ ಪ್ರಶ್ನೆಗೆ.

ಭಾವನೆ ಬಂದೇ ಬರುತ್ತದೆ, ಯಾಕೆಂದರೆ ಅದು ತಪ್ಪು ಭಾವನೆ ಅಲ್ಲ. ಅದನ್ನು ಮಾತಿನಿಂದ ಹೋಗಲಾಡಿಸಲು ಆಗುವುದಿಲ್ಲ. ಬರವಣಿಗೆಯಲ್ಲಿ ಕೊಡಬೇಕು: ಈ ಡೇಟಾ ಯಾರು ನೋಡುತ್ತಾರೆ, ಯಾವುದಕ್ಕೆ ಬಳಸುತ್ತಾರೆ, ಯಾವುದಕ್ಕೆ ಬಳಸುವುದಿಲ್ಲ, ಎಷ್ಟು ದಿನ ಇಡುತ್ತಾರೆ. ಮೊದಲ 90 ದಿನ ಇದರ ಆಧಾರದ ಮೇಲೆ ಯಾರ ಇನ್ಸೆಂಟಿವ್ ಕಡಿತವೂ ಇಲ್ಲ, ಮೆಮೋವೂ ಇಲ್ಲ ಎಂದು ಮಾಲೀಕರ ಸಹಿಯಲ್ಲಿ ನೋಟಿಸ್ ಬೋರ್ಡ್‌ಗೆ ಹಾಕಿ. ಮಷಿನ್ ಹೆಸರಿನಲ್ಲಿ ವರದಿ ತೆಗೆಯಿರಿ, ಮನುಷ್ಯನ ಹೆಸರಿನಲ್ಲಿ ಬೇಡ. ಆ 90 ದಿನದಲ್ಲಿ ಒಬ್ಬರಿಗೆ ಒಂದೇ ಒಂದು ಮೆಮೋ ಹೋದರೂ ಸಂಜೆಯೊಳಗೆ ಇಡೀ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಚಹಾ ಅಂಗಡಿಗಳಿಗೆ ಸುದ್ದಿ ಮುಟ್ಟಿರುತ್ತದೆ, ಆಮೇಲೆ ಮತ್ತೆ ದುಂಡು ಅಂಕಿ.

ಕಾನೂನೂ ಇದೆ. ಸೇವಾ ಷರತ್ತು ಬದಲಿಸುವಾಗ 21 ದಿನದ ನೋಟಿಸ್ ಅನ್ನುವುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂನಲ್ಲಿತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂನಲ್ಲೂ ಇದೆ. ಬರೀ ಟ್ಯಾಬ್ ಹಾಕುವುದು ಅದರಡಿ ಬರಲಿಕ್ಕಿಲ್ಲ. ಆದರೆ ಟ್ಯಾಬ್ ಆಧಾರದ ಮೇಲೆ ವೇತನದ ಲೆಕ್ಕ ಬದಲಿಸುವುದು, ಶಿಸ್ತಿನ ಹೊಸ ನಿಯಮ ತರುವುದು, ಆಳು ಕಡಿಮೆ ಮಾಡುವುದು ಬೇರೆ ಮಾತು. ನಿಮ್ಮ ಮೇಲಿನವರು ಹೇಳುವ ದಂಡಕ್ಕೆ ಇದು ನೇರವಾಗಿ ತಾಗುತ್ತದೆ. ಮೊದಲೇ ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ತೋರಿಸಿ.

ಇನ್ನೊಂದು, ಯಂತ್ರ ಸರಿ ಇದ್ದೂ ಫಲ ಬಾರದಿರುವುದು ನಮ್ಮ ದೇಶದಲ್ಲೇ ಅಳೆದು ನೋಡಿದ ಸಂಗತಿ. ಅಹಮದಾಬಾದಿನ ಕ್ಯಾಲಿಕೋ ಮಿಲ್‌ನಲ್ಲಿ 1952ರಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದವು. ಒಂದು ಶೆಡ್‌ನಲ್ಲಿ 224 ಮಗ್ಗ. ಇಂಜಿನಿಯರ್‌ಗಳು ಕೆಲಸವನ್ನು ಅಳೆದು 12 ಬಗೆಯ ಹುದ್ದೆ ಮಾಡಿದ್ದರು: ನೇಯುವವನು ಬೇರೆ, ಕಂಡಿಕೆ ತುಂಬುವವನು ಬೇರೆ, ಎಳೆ ಕಡಿದು ಗೋಜಲಾದರೆ ಬಿಡಿಸುವವನು ಬೇರೆ, ಎಣ್ಣೆ ಹಾಕುವವನು ಬೇರೆ. ಒಬ್ಬೊಬ್ಬನ ಪಾಲಿನ ಮಗ್ಗಗಳ ಸಂಖ್ಯೆಯೂ ಬೇರೆ. ಹಾಗಾಗಿ ನೇಯುವವನಿಗೆ ತನ್ನ ಸಹಾಯಕ್ಕೆ ಯಾರು ಬರುತ್ತಾರೆ ಎಂಬುದೇ ಖಚಿತವಿಲ್ಲ. ಉತ್ಪಾದನೆ ಹಳೆಯ ಮಗ್ಗಕ್ಕಿಂತ ಮೇಲೇರಲಿಲ್ಲ. 1953ರಲ್ಲಿ ಲಂಡನ್ನಿನ ಟವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಬಂದು ನೋಡಿ, ಇಂತಿಷ್ಟು ಮಗ್ಗಕ್ಕೆ ಇಂಥದೇ ಒಂದು ಸಣ್ಣ ಗುಂಪು ಅನ್ನುವ ವ್ಯವಸ್ಥೆ ಮುಂದಿಟ್ಟರು. ಯಾರು ಯಾವ ಗುಂಪು ಅನ್ನುವುದನ್ನು ಕಾರ್ಮಿಕರೇ ಕೂಡಿ ತೀರ್ಮಾನಿಸಿದರು. ಮಗ್ಗ ಅದೇ, ಜನ ಅದೇ. ದಕ್ಷತೆ ಏರಿತು, ಬಟ್ಟೆಯ ದೋಷ ಇಳಿಯಿತು. ರಬಕವಿ-ಬನಹಟ್ಟಿಯ ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಶಾಪ್‌ನಲ್ಲೂ ಇದೇ ಪ್ರಶ್ನೆ ಕೇಳಿಕೊಳ್ಳಿ. ಆಪರೇಟರ್ "ಇನ್ಸರ್ಟ್ ಇಲ್ಲ" ಅಂತ ಒತ್ತಿದ. ಮುಂದೆ ಯಾರು ಓಡಬೇಕು? ಆ ಹೆಸರು ಇಲ್ಲದಿದ್ದರೆ ಬಟನ್ ಗೋಡೆಗೆ ಒತ್ತಿದಂತೆ.

ಲೀನ್_ಬೆಳಗಾವಿ

ಮೇಷ್ಟ್ರು ಹೇಳಿದ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲೋಣ, ಅದರಲ್ಲೇ ಎಲ್ಲ ಇದೆ.

ಎಂಟು ಬಟನ್‌ಗೆ ಎಂಟು ಹೆಸರು ಬರೆಯಿರಿ. ಇನ್ಸರ್ಟ್: ಸ್ಟೋರ್. ತಪಾಸಣೆ: ಆ ಪಾಳಿಯ ಇನ್‌ಸ್ಪೆಕ್ಟರ್. ಕ್ರೇನ್: ಸೂಪರ್‌ವೈಸರ್. ಹೀಗೆ. ಪ್ರತಿಯೊಂದಕ್ಕೂ ಎಷ್ಟು ನಿಮಿಷದಲ್ಲಿ ಬರಬೇಕು ಅನ್ನುವುದು. 10 ನಿಮಿಷದಲ್ಲಿ ಬರದಿದ್ದರೆ ಆ ಪಾಳಿಯ ಮೇಲಧಿಕಾರಿಯ ಮೊಬೈಲ್ ಮೊಳಗಲಿ. ಈಗ ಬಟನ್ ಅನ್ನುವುದು ಲೆಕ್ಕ ಬರೆಯುವ ಕೆಲಸ ಅಲ್ಲ, ಸಹಾಯ ಕರೆಯುವ ಗಂಟೆ. ನಿಂತ ತಕ್ಷಣ ಒತ್ತಿದರೆ ಅವನಿಗೇ ಲಾಭ, ಪಾಳಿಯ ಕೊನೆಗೆ ಒತ್ತಿದರೆ ಏನೂ ಇಲ್ಲ. ತಡವಾಗಿ ಎಂಟ್ರಿ ಹಾಕುವ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಮೊದಲ ಹದಿನೈದು ದಿನದಲ್ಲಿ ಒಂದು ತೊಂದರೆಯನ್ನಾದರೂ ಎಲ್ಲರ ಕಣ್ಣಿಗೆ ಕಾಣುವಂತೆ ಬಗೆಹರಿಸಿ. ಮಷಿನ್ ಶಾಪ್‌ಗಳಲ್ಲಿ ಸುಲಭವಾಗಿ ಸಿಗುವುದು ಇನ್ಸರ್ಟ್. ಸ್ಟೋರ್ ಹಗಲು ಪಾಳಿಯಲ್ಲಿ ಮಾತ್ರ ತೆರೆದಿದ್ದರೆ ರಾತ್ರಿ ಇನ್ಸರ್ಟ್ ತುಂಡಾದರೆ ಬೆಳಗಿನವರೆಗೆ ಕಾಯಬೇಕು, ಇಲ್ಲವೇ ಸವೆದ ಅಂಚಿನಲ್ಲೇ ಓಡಿಸಿ ರಿಜೆಕ್ಷನ್ ಮಾಡಬೇಕು. ಡೇಟಾದಲ್ಲಿ ಅದು ಕಂಡ ವಾರವೇ ಸೂಪರ್‌ವೈಸರ್ ಕೈಗೆ ಬೀಗದ ಡಬ್ಬಿ ಕೊಡಿ. ಮಷಿನ್‌ಗೆ ಬೇಕಾದ ಗ್ರೇಡ್‌ಗಳು ಎರಡು ದಿನದ ಬಳಕೆಯಷ್ಟು, ಹಳೆಯದು ಕೊಟ್ಟರೆ ಹೊಸದು. ಬೋರ್ಡ್ ಮೇಲೆ ಬರೆಯಿರಿ: ಹಿಂದಿನ ವಾರ ಇಷ್ಟು ನಿಮಿಷ, ಈ ವಾರ ಇಷ್ಟು.

ಮುಧೋಳ_ಸೀಮೆ

ನಮ್ಮದು ಸಕ್ಕರೆ ಕಾರ್ಖಾನೆ ಕಡೆಯ ಅನುಭವ, ಮಷಿನ್ ಶಾಪ್ ಅಲ್ಲ. ಯಾವಾಗ ಶುರು ಮಾಡಬೇಕು ಅನ್ನುವುದರ ಬಗ್ಗೆ ಮಾತ್ರ ಹೇಳುತ್ತೇನೆ.

ಸಕ್ಕರೆ ಕಾರ್ಖಾನೆ ವರ್ಷದಲ್ಲಿ ಕೆಲವೇ ತಿಂಗಳು ಕಬ್ಬು ಅರೆಯುತ್ತದೆ. ಹೊಸ ವ್ಯವಸ್ಥೆಯನ್ನು ಹಂಗಾಮು ಶುರುವಾಗುವ ವಾರ ತಂದರೆ ಕೆಟ್ಟಿತು. ಗೇಟ್‌ನಲ್ಲಿ ಟ್ರ್ಯಾಕ್ಟರ್ ಸಾಲು, ಕಡಿದ ಕಬ್ಬು ತೂಕ ಕಳೆದುಕೊಳ್ಳುತ್ತಿರುತ್ತದೆ, ಅಂಥ ಹೊತ್ತಿನಲ್ಲಿ ಯಾರಿಗೂ ಕಲಿಯಲು ಪುರಸೊತ್ತಿಲ್ಲ. ಹಂಗಾಮು ಮುಗಿದ ಮೇಲೆ ಟ್ರೇನಿಂಗ್ ಕೊಟ್ಟರೆ ಮುಂದಿನ ಹಂಗಾಮಿಗೆ ಮರೆತಿರುತ್ತಾರೆ. ಕೊನೆಯ ಮೂರು ವಾರ, ಒತ್ತಡ ಇಳಿದಾಗ, ಒಂದೇ ತೂಕದ ಕಾಟಾದಲ್ಲಿ ನಿಜವಾದ ಗಾಡಿಗಳ ಮೇಲೆ ಓಡಿಸಿ ನೋಡುವುದು, ಆಫ್ ಸೀಸನ್‌ನಲ್ಲಿ ತಿದ್ದುವುದು, ಹಂಗಾಮಿಗೆ ಒಂದು ವಾರ ಮೊದಲು ಮತ್ತೆ ಕೈಗೆ ರೂಢಿ ಮಾಡಿಸುವುದು: ಇದು ಕೆಲಸ ಮಾಡುತ್ತದೆ. ಇನ್ನು ಕಾಟಾದ ಅಂಕಿ ಕ್ಲರ್ಕ್ ಪರದೆಯಲ್ಲಿ ಮಾತ್ರ ಕಂಡರೆ ರೈತ ನಂಬುವುದಿಲ್ಲ, ಹೊರಗೆ ದೊಡ್ಡ ಡಿಸ್‌ಪ್ಲೇ ಬೇಕು, ಕೈಗೆ ಚೀಟಿಯೂ ಬೇಕು. ನಿಮ್ಮ ಆಪರೇಟರ್‌ಗೂ ಅಷ್ಟೇ, ತಾನು ಹಾಕಿದ್ದು ತನಗೇ ಕಾಣಬೇಕು.

ನಿಮಗೆ ಹಂಗಾಮು ಇಲ್ಲ, ಆದರೆ ತಿಂಗಳ ಕೊನೆಯ ಡಿಸ್ಪ್ಯಾಚ್ ಇದೆ. 25ರಿಂದ ಮುಂದಿನ 5ರವರೆಗೆ ಏನೂ ಶುರು ಮಾಡಬೇಡಿ. ಬೆಳಗಾವಿಯ ಗಣೇಶೋತ್ಸವದ 11 ದಿನವಂತೂ ಬೇಡ. ಮುಂಗಾರು ಬಿತ್ತನೆಯ ಹೊತ್ತಿಗೆ ಹಳ್ಳಿಯಿಂದ ಬರುವವರು ರಜೆ ಹಾಕುತ್ತಾರೆ, ಬದಲಿ ಆಳು ಬಂದಿರುತ್ತಾರೆ, ಕಲಿಸಿದ್ದು ವ್ಯರ್ಥ.

ಉದ್ಯಮಬಾಗ್_ಪ್ರೊಡಕ್ಷನ್

ಎಲ್ಲರಿಗೂ ಧನ್ಯವಾದ. ಹಾಗಾದರೆ 16 ಮಷಿನ್‌ನಲ್ಲಿ ಈಗಿರುವುದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕೇ? ನಿಲ್ಲಿಸಿದರೆ "ಸೋತರು" ಅಂತ ಆಗುವುದಿಲ್ಲವೇ?

ಲೀನ್_ಬೆಳಗಾವಿ

12ರಲ್ಲಿ ನಿಲ್ಲಿಸಿ, 4ರಲ್ಲಿ ಸರಿಮಾಡಿ. ನಿಲ್ಲಿಸಿದ 12ಕ್ಕೆ ಕಾಗದದ ಶೀಟ್ ವಾಪಸ್ ಕೊಡಿ, ನಾಚಿಕೆ ಬೇಡ. ಸುಳ್ಳು ಡೇಟಾ ತುಂಬುವ ರೂಢಿ ಇನ್ನೂ ಮೂರು ತಿಂಗಳು ಗಟ್ಟಿಯಾಗುವುದಕ್ಕಿಂತ ಅದು ಮೇಲು.

ಆ ನಾಲ್ಕು ಒಂದೇ ಕಡೆ ಇರುವ ಮಷಿನ್‌ಗಳಾಗಿರಲಿ, ಮೂರೂ ಪಾಳಿಯವರು ಬರಲಿ. ಉತ್ಸಾಹಿಗಳನ್ನೇ ಆರಿಸಿಕೊಳ್ಳಬೇಡಿ, ಅವರಲ್ಲಿ ಗೆದ್ದದ್ದು ಉಳಿದವರಲ್ಲಿ ಗೆಲ್ಲುವುದಿಲ್ಲ. ಪಾಳಿಗೊಬ್ಬ ಸೆಟ್ಟರ್‌ಗೆ ನೆರವಿನ ಹೊಣೆ ಕೊಡಿ. ಅವನ ಸೆಟ್ಟಿಂಗ್ ಟಾರ್ಗೆಟ್‌ನಿಂದ ದಿನಕ್ಕೆ ಒಂದು ಗಂಟೆ ಕಡಿಮೆ ಮಾಡಿ ಬರೆದುಕೊಡಬೇಕು, ಬಾಯಿಮಾತಲ್ಲ. ಪಾಳಿ ಮುಗಿದ ಮೇಲೆ ಕಲಿಸಿದರೆ ಆ ಹೊತ್ತಿಗೆ ಓವರ್‌ಟೈಂ ಕೊಡಿ. ಮೊದಲ ವಾರ ವೈರಿಂಗ್ ಮತ್ತು ಬಟನ್ ಡಬ್ಬಿ, ಎರಡನೇ ವಾರ ಕಲಿಸುವುದು, ಮೂರನೇ ವಾರ ಕಾಗದವೂ ಬಟನ್ನೂ ಎರಡೂ. ನಾಲ್ಕನೇ ವಾರದ ಸೋಮವಾರದಿಂದ ಆ ನಾಲ್ಕರಲ್ಲಿ ಕಾಗದ ಇಲ್ಲ. ಎರಡೂ ಒಟ್ಟಿಗೆ ಒಂದು ವಾರಕ್ಕಿಂತ ಹೆಚ್ಚು ನಡೆದರೆ ಕಾಗದವೇ ಗೆಲ್ಲುತ್ತದೆ.

ಮುಂದಿನ ನಾಲ್ಕಕ್ಕೆ ಯಾವಾಗ ಹೋಗಬೇಕು ಅನ್ನುವುದನ್ನು ತಾರೀಖು ನೋಡಿ ನಿರ್ಧರಿಸಬೇಡಿ. ನಿಂತ 5 ನಿಮಿಷದೊಳಗೆ ಬಟನ್ ಒತ್ತಿದ್ದು ಹತ್ತರಲ್ಲಿ ಎಂಟು, "ಇತರೆ" ಹತ್ತರಲ್ಲಿ ಒಂದಕ್ಕಿಂತ ಕಡಿಮೆ, ಈ ಎರಡೂ ಎರಡು ವಾರ ಸತತ ಬಂದರೆ ಹೋಗಿ.

ಸಾಫ್ಟ್‌ವೇರ್‌ನವರ ಜೊತೆ ಬಾಕಿ ಹಣ ಇದ್ದರೆ ಈಗಲೇ ಮಾತಾಡಿ: ಕಾರಣಗಳ ಪಟ್ಟಿಯನ್ನು ನೀವೇ ಬದಲಿಸುವಂತಿರಬೇಕು, ಡೇಟಾ ಪೂರ್ತಿ ಎಕ್ಸೆಲ್‌ಗೆ ಇಳಿಯಬೇಕು, ಕೊನೆಯ ಕಂತು ಮೇಲೆ ಹೇಳಿದ ಎರಡು ಅಂಕಿ (5 ನಿಮಿಷದೊಳಗಿನ ಬಟನ್, "ಇತರೆ") ಬಂದ ಮೇಲೆ.

ಗೋಕಾಕ_ಸೆಟ್ಟರ್

ಒಂದು ಬಿಟ್ಟಿದ್ದೆ. ಟ್ಯಾಬ್ ರಾತ್ರಿಹಗಲು ಚಾರ್ಜರ್‌ಗೆ ಹಾಕೇ ಇಟ್ಟಿರ್ತೀರಲ್ರಿ? ಶೆಡ್ಡಿನ ಬಿಸಿಲಿಗೆ ಬ್ಯಾಟರಿ ಉಬ್ಬಿ ಪರದೆ ಎದ್ದು ಬರಬಹುದು. ಸೆಟ್ಟಿಂಗ್‌ನಾಗ ಚಾರ್ಜ್ ಮಿತಿ 80ಕ್ಕ ಇಡ್ರಿ, ಅದು ಇಲ್ಲಂದ್ರ ಪ್ಲಗ್‌ಗೆ ಟೈಮರ್ ಹಾಕಿ ಪಾಳಿಗೆ ಎರಡು ತಾಸು ಅಷ್ಟ. ಚಾರ್ಜರ್ ವೈರ್ ಚಿಪ್ ಬೀಳೋ ಕಡೆ ಬ್ಯಾಡ, ಮ್ಯಾಲಿಂದ ಇಳಿಸ್ರಿ.